ಬಹುಮಾನ ಬರದ ಕಥೆಯ ಹಕ್ಕು ಯಾರದು?

ಕಥೆ, ಕವನ, ಚಿತ್ರ ಸ್ಪರ್ಧೆಗಳನ್ನು ನಡೆಸುವ ಸಂಘ ಸಂಸ್ಥೆಗಳ ಪದಾಧಿಕಾರಿಗಳಿಗೂ, ಪತ್ರಿಕೆಗಳ ಸಂಪಾದಕರಿಗೂ, ಕಥೆಗಳನ್ನು ಓದಿ ಕೇಳಿಸುವ ವಾಹಿನಿಗಳ ನಿರ್ವಾಹಕರಿಗೂ

ಮಾನ್ಯರೇ,

ಸವಿನಯ ನಮಸ್ಕಾರಗಳು.

ನಾಲ್ಕು ವರ್ಷಗಳ ಹಿಂದೆ ನಿಮ್ಮಲ್ಲೊಂದು ಸಂಸ್ಥೆ ನಡೆಸಿದ ಕಥಾಸ್ಪರ್ಧೆಗೆ ನಾನೊಂದು ಕಥೆ ಕಳಿಸಿದ್ದೆ. ಬಹುಮಾನ ಬರಲಿಲ್ಲ. ಮೆಚ್ಚುಗೆ ಪಡೆದ ಕಥೆಗಳ ಪಟ್ಟಿಯಲ್ಲೂ ಹೆಸರಿರಲಿಲ್ಲ. ಅದಕ್ಕೆ ನನ್ನ ತಕರಾರೇನಿಲ್ಲ. ಸ್ಪರ್ಧೆ ಎಂದಮೇಲೆ ಸೋಲುವವರೇ ಹೆಚ್ಚು, ಮತ್ತು ಆ ವರ್ಷ ಗೆದ್ದ ಕಥೆ ನಿಜಕ್ಕೂ ನನ್ನದಕ್ಕಿಂತ ಚೆನ್ನಾಗಿತ್ತು. ನನ್ನ ಕಥೆಯನ್ನು ಆಗಾಗ ತೆಗೆದು ತಿದ್ದುತ್ತಾ, ಮುಂದಿನ ಸಂಕಲನಕ್ಕೆಂದು ಎತ್ತಿಟ್ಟುಕೊಂಡಿದ್ದೆ.

ಕಳೆದ ವರ್ಷ ಗೆಳತಿಯೊಬ್ಬಳು ಫೋನ್ ಮಾಡಿದಳು. ಅವಳು ನನ್ನ ಹಸ್ತಪ್ರತಿಗಳ ಮೊದಲ ಓದುಗಾರ್ತಿ. "ನಿನ್ನ ಕಥೆ ಕೇಳಿದೆ ಕಣೇ. ಆದರೆ ಕೊನೆ ಯಾಕೆ ಹಾಗೆ ಮಾಡಿಬಿಟ್ಟೆ?" ಅಂದಳು. ಯಾವ ಕಥೆ, ಎಲ್ಲಿ ಕೇಳಿದೆ ಎಂದು ವಿಚಾರಿಸಿದಾಗ ಅವಳು ಕಳಿಸಿದ ಕೊಂಡಿ ನೇರವಾಗಿ ಆ ಸಂಸ್ಥೆಯ ಆಡಿಯೋ ವಾಹಿನಿಗೆ ಹೋಯಿತು. ಇಪ್ಪತ್ತೆರಡು ನಿಮಿಷದ ವಾಚನ. ದನಿ ಚೆನ್ನಾಗಿತ್ತು. ಹಿನ್ನೆಲೆಯಲ್ಲಿ ಕೊಳಲು. ಮೊದಲ ವಾಕ್ಯ ಕೇಳುತ್ತಿದ್ದಂತೆ ಮೈ ಜುಮ್ಮೆಂದಿತು. ಅದು ನಾನು ಹನ್ನೊಂದು ಸಲ ಹೊಡೆದುಹಾಕಿ ಬರೆದ ವಾಕ್ಯ.

ನನ್ನ ಕಥೆಯಲ್ಲಿ ಒಬ್ಬ ತಾಯಿ ಪ್ರತಿ ರಾತ್ರಿ ಬಾಗಿಲಿಗೆ ಅಗುಳಿ ಹಾಕಿ, ಎರಡು ಸಲ ಎಳೆದು ನೋಡಿ ಮಲಗುತ್ತಾಳೆ. ಕೊನೆಯ ರಾತ್ರಿ ಅಗುಳಿ ಹಾಕುವುದಿಲ್ಲ. ಕಥೆ ಅಲ್ಲಿಗೆ ಮುಗಿಯುತ್ತದೆ. ಮಗ ಬಂದನೋ, ಕಳ್ಳ ಬಂದನೋ, ಯಾರೂ ಬರಲಿಲ್ಲವೋ, ನಾನು ಹೇಳಿಲ್ಲ. ವಾಹಿನಿಯ ಕಥೆಯಲ್ಲಿ ಮಗ ಬರುತ್ತಾನೆ. ಬಂದು ಕಾಲಿಗೆ ಬೀಳುತ್ತಾನೆ. ತಾಯಿ ಅವನ ತಲೆ ನೇವರಿಸುತ್ತಾ ಒಂದು ಉಪದೇಶವನ್ನೂ ಕೊಡುತ್ತಾಳೆ. ಕೊಳಲಿನ ದನಿ ಏರುತ್ತದೆ. ಶೀರ್ಷಿಕೆಯ ಕೆಳಗೆ, ಲೇಖಕರ ಹೆಸರು ಇರಬೇಕಾದ ಜಾಗದಲ್ಲಿ, "ಸಂಗ್ರಹ" ಎಂದಿತ್ತು.

ಸಂಸ್ಥೆಗೆ ಫೋನ್ ಮಾಡಿದೆ. ಮಾತಾಡಿದವರು ಹಿರಿಯರು, ಸಭ್ಯರು. ಒಮ್ಮೆಯೂ ದನಿ ಏರಿಸಲಿಲ್ಲ. ಅವರು ಕೊಟ್ಟ ಉತ್ತರಗಳನ್ನು ಫೋನ್ ಇಟ್ಟ ಕೂಡಲೇ ಬರೆದಿಟ್ಟುಕೊಂಡೆ. ಆಮೇಲೆ ಬರೆಯುವ ಸ್ನೇಹಿತರನ್ನು, ಚಿತ್ರ ಬಿಡಿಸುವವರನ್ನು, ಫೋಟೊ ತೆಗೆಯುವವರನ್ನು ಕೇಳಿದಾಗ ಗೊತ್ತಾಯಿತು, ಆ ಉತ್ತರಗಳು ಆ ಒಬ್ಬ ಹಿರಿಯರವಲ್ಲ; ನಮ್ಮ ಸಾಂಸ್ಕೃತಿಕ ವಲಯದಲ್ಲಿ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರಗಳು. ಹಾಗಾಗಿ ಈ ಪತ್ರವನ್ನು ಒಂದು ವಿಳಾಸಕ್ಕೆ ಕಳಿಸದೆ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಆ ಸಂಸ್ಥೆಯ ಹೆಸರು ಹೇಳುವುದಿಲ್ಲ. ಹೆಸರು ಹೇಳಿದರೆ ಉಳಿದವರೆಲ್ಲ "ಸದ್ಯ, ನಾವಲ್ಲ" ಎಂದು ಪುಟ ತಿರುಗಿಸುತ್ತೀರಿ.

ಅವರು ಮೊದಲು ಕೇಳಿದ ಪ್ರಶ್ನೆ: "ಅಮ್ಮಾ, ನೀವು ಅದನ್ನು ರಿಜಿಸ್ಟರ್ ಮಾಡಿಸಿದ್ದಿರಾ?"

ಇಲ್ಲ. ಮಾಡಿಸಬೇಕಾದ ಅಗತ್ಯವೂ ಇಲ್ಲ. ಈ ಒಂದು ತಪ್ಪು ತಿಳಿವಳಿಕೆ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಬರೆಯುವವರೂ ಅದನ್ನೇ ನಂಬಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೃತಿಸ್ವಾಮ್ಯ, ಎಂದರೆ ಕಾಪಿರೈಟ್, ನಿವೇಶನದ ಪತ್ರದಂತೆ ಕಚೇರಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಪಡೆಯುವ ವಸ್ತುವಲ್ಲ. ನಾನು ಬರೆದು ಮುಗಿಸಿದ ಕ್ಷಣಕ್ಕೇ ಅದು ಹುಟ್ಟುತ್ತದೆ. 1886ರ ಬರ್ನ್ ಒಪ್ಪಂದ ಬೇರೆ ಬೇರೆ ದೇಶಗಳ ಲೇಖಕರನ್ನು ಒಂದು ಛತ್ರಿಯ ಕೆಳಗೆ ತಂದಿತು. 1908ರಲ್ಲಿ ಬರ್ಲಿನ್‌ನಲ್ಲಿ ಅದನ್ನು ಪರಿಷ್ಕರಿಸಿದಾಗ, ಹಕ್ಕು ಪಡೆಯಲು ಯಾವ ವಿಧಿವಿಧಾನದ ಷರತ್ತೂ ಇರಕೂಡದು ಎಂದು ತೀರ್ಮಾನವಾಯಿತು. ಭಾರತ 1928ರಿಂದಲೇ ಅದರ ಸದಸ್ಯ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು, ಜಾರಿಗೆ ಬಂದದ್ದು 1958ರ ಜನವರಿಯಲ್ಲಿ. ಅದರಲ್ಲಿ ನೋಂದಣಿಗೆ ಅವಕಾಶವಿದೆ, ಕಡ್ಡಾಯವಿಲ್ಲ. ನೋಂದಣಿ ಮಾಡಿಸಿದರೆ ಮುಂದೆ ವಿವಾದ ಎದ್ದಾಗ ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯ ಕೈಯಲ್ಲಿರುತ್ತದೆ. ಅದರ ಉಪಯೋಗ ಅಷ್ಟು. ವೃತ್ತದೊಳಗಿನ ಆ ಇಂಗ್ಲಿಷ್ 'ಸಿ' ಅಕ್ಷರವೂ ಎಚ್ಚರಿಕೆಯ ಫಲಕ ಮಾತ್ರ. ಫಲಕ ಇಲ್ಲದ ಮನೆಗೂ ಮಾಲೀಕರು ಇರುತ್ತಾರೆ.

(ಪಕ್ಕದ ಮಾತು: ಹಸ್ತಪ್ರತಿಯನ್ನು ಲಕೋಟೆಯಲ್ಲಿಟ್ಟು ತಮಗೆ ತಾವೇ ಅಂಚೆಯಲ್ಲಿ ಕಳಿಸಿಕೊಂಡು, ಒಡೆಯದೆ ಬೀರುವಿನಲ್ಲಿಡುವ ಲೇಖಕರು ನನಗೆ ಗೊತ್ತು. ಆ ಲಕೋಟೆಯಿಂದ ಹೊಸ ಹಕ್ಕೇನೂ ಹುಟ್ಟುವುದಿಲ್ಲ. ಹೆಚ್ಚೆಂದರೆ ಇಂಥ ದಿನಾಂಕಕ್ಕೆ ಇದು ನನ್ನ ಬಳಿ ಇತ್ತು ಎಂದು ತೋರಿಸಲು ನೆರವಾದೀತು. ಕರಡುಗಳನ್ನೂ ಕಳಿಸಿದ ಇಮೇಲ್‌ಗಳನ್ನೂ ಅಳಿಸದೆ ಇಟ್ಟುಕೊಂಡರೆ ಆ ಕೆಲಸ ಅಂಚೆಚೀಟಿ ಇಲ್ಲದೆಯೇ ಆಗುತ್ತದೆ.)

ಎರಡನೆಯ ಉತ್ತರ ಇನ್ನೂ ಗಟ್ಟಿಯಾಗಿತ್ತು: "ಸ್ಪರ್ಧೆಯ ನಿಯಮ ಓದಿಲ್ಲವೇ? ಒಂಬತ್ತನೆಯ ನಿಯಮ ನೋಡಿ."

ನೋಡಿದೆ. "ಸ್ಪರ್ಧೆಗೆ ಬಂದ ಎಲ್ಲ ಕೃತಿಗಳ ಸಂಪೂರ್ಣ ಹಕ್ಕು ಸಂಸ್ಥೆಗೆ ಸೇರಿದ್ದಾಗಿರುತ್ತದೆ." ಒಂದೇ ಸಾಲು. ಎಂಟನೆಯ ನಿಯಮ ಹಾಳೆಯ ಒಂದೇ ಬದಿಯಲ್ಲಿ ಬರೆಯಬೇಕು ಎಂಬುದಾಗಿತ್ತು. ಹತ್ತನೆಯದು ತೀರ್ಪುಗಾರರ ತೀರ್ಮಾನವೇ ಅಂತಿಮ ಎಂಬುದು. ನಡುವೆ, ಬಿಳಿ ಹಾಳೆಯ ಅಂಚು ಎಷ್ಟಿರಬೇಕು ಎನ್ನುವಷ್ಟೇ ಸಲೀಸಾಗಿ, ಒಬ್ಬರ ಬರವಣಿಗೆ ಇನ್ನೊಬ್ಬರದಾಗಿಬಿಟ್ಟಿತ್ತು. ಗೆದ್ದ ಕೃತಿಗಳದ್ದಷ್ಟೇ ಅಲ್ಲ, ಬಂದ ಎಲ್ಲವುಗಳದ್ದೂ. ಬಹುಮಾನ ಮೂವರಿಗೆ, ಹಕ್ಕು ಬಿಟ್ಟುಕೊಡಬೇಕಾದವರು ಅಷ್ಟೂ ಜನ. ನನ್ನ ಕಥೆಯನ್ನು ಪ್ರಕಟಣೆಗೆ ಯೋಗ್ಯವಲ್ಲ ಎಂದು ಬದಿಗಿಟ್ಟ ಸಂಸ್ಥೆಯೇ ಅದರ ಮಾಲೀಕತ್ವವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿತ್ತು.

ಆ ಸಾಲಿನ ಮುಂದೆ ಕಾನೂನನ್ನು ಇಟ್ಟು ನೋಡೋಣ. ನಾನು ವಕೀಲೆಯಲ್ಲ, ಆದರೆ ಕಾಯ್ದೆಯ ಹತ್ತೊಂಬತ್ತನೆಯ ಕಲಮು ಓದಲು ವಕೀಲಿಕೆ ಬೇಕಾಗಿಲ್ಲ. ಹಕ್ಕನ್ನು ವರ್ಗಾಯಿಸುವುದಾದರೆ ಅದು ಬರಹದಲ್ಲಿರಬೇಕು, ವರ್ಗಾಯಿಸುವವರ ಅಥವಾ ಅವರು ಅಧಿಕಾರ ಕೊಟ್ಟವರ ಸಹಿ ಇರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂದು ನಮೂದಿಸಬೇಕು. ಪ್ರತಿಯಾಗಿ ಕೊಡುವ ಗೌರವಧನ ಏನು ಎಂದೂ ಹೇಳಬೇಕು. ಕಾಲಾವಧಿ ಬರೆಯದೆ ಬಿಟ್ಟರೆ ಐದು ವರ್ಷ ಎಂದೂ, ಪ್ರದೇಶ ಬರೆಯದೆ ಬಿಟ್ಟರೆ ಭಾರತದೊಳಗೆ ಎಂದೂ ಕಾನೂನೇ ಅರ್ಥಮಾಡಿಕೊಳ್ಳುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತಾಗಿರದ ಹೊರತು, ಅದು ತಾನಾಗಿಯೇ ಬಿದ್ದುಹೋಗುತ್ತದೆ. 2012ರ ತಿದ್ದುಪಡಿ ಇನ್ನೊಂದು ಮಾತು ಸೇರಿಸಿತು: ವರ್ಗಾವಣೆಯ ಹೊತ್ತಿಗೆ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಅದರ ಹೆಸರು ಹೇಳಿ ಬರೆಸಿಕೊಳ್ಳದೆ, ಆ ಹಕ್ಕು ಚಾಚಿಕೊಳ್ಳುವುದಿಲ್ಲ.

ಈಗ ಒಂಬತ್ತನೆಯ ನಿಯಮವನ್ನು ಮತ್ತೊಮ್ಮೆ ಓದಿ. ಅದರಲ್ಲಿ ಕೃತಿಯ ಹೆಸರಿಲ್ಲ, ಅವಧಿ ಇಲ್ಲ, ಪ್ರದೇಶ ಇಲ್ಲ, ಗೌರವಧನ ಇಲ್ಲ. ನನ್ನ ಸಹಿಯೂ ಇಲ್ಲ. ನಾನು ಸಹಿ ಹಾಕಿದ್ದು ಒಂದೇ ಒಂದು ಕಾಗದಕ್ಕೆ: "ಇದು ನನ್ನ ಸ್ವಂತ ರಚನೆ" ಎಂದು ನೀವೇ ಬರೆಸಿಕೊಂಡ ದೃಢೀಕರಣಕ್ಕೆ. ನನ್ನದು ಎಂದು ಬರೆಸಿಕೊಂಡ ಕೈಯಲ್ಲೇ ಅದು ನಿಮ್ಮದು ಎನ್ನುವುದು ಯಾವ ಲೆಕ್ಕ?

ಇದನ್ನು ಬರೆಯುವಾಗ ನನಗೆ ನಿಮ್ಮ ಕಷ್ಟವೂ ಕಾಣುತ್ತದೆ. ಬಹಳ ಸಂಸ್ಥೆಗಳು ಆ ಸಾಲನ್ನು ದುರುದ್ದೇಶದಿಂದ ಬರೆದಿರುವುದಿಲ್ಲ. ಹಿಂದಿನ ವರ್ಷದ ಪ್ರಕಟಣೆಯಿಂದ ಈ ವರ್ಷದ್ದಕ್ಕೆ, ಒಂದು ಸಂಸ್ಥೆಯ ಹಾಳೆಯಿಂದ ಇನ್ನೊಂದರ ಹಾಳೆಗೆ ಅದು ನಕಲಾಗುತ್ತಾ ಬಂದಿದೆ. ಗೆದ್ದ ಕಥೆಗಳನ್ನು ಪುಸ್ತಕ ಮಾಡಲು ಹೊರಟಾಗ ಒಬ್ಬ ಲೇಖಕ ಅಡ್ಡ ಬರಬಾರದು ಎಂಬ ಮುಂಜಾಗ್ರತೆ ಅದರ ಹಿಂದೆ ಇದ್ದೀತು. ಆದರೆ ಅದಕ್ಕೆ ಬೇಕಾದದ್ದು ಅನುಮತಿ ಮಾತ್ರ, ಒಡೆತನ ಬೇಕಿಲ್ಲ. ಬಾಡಿಗೆಗೆ ಸಿಗುವ ಮನೆಯನ್ನು ಕ್ರಯಕ್ಕೆ ಬರೆಸಿಕೊಳ್ಳುವುದೇಕೆ? ಗೆದ್ದ ಕಥೆಯನ್ನು ಸಂಸ್ಥೆಯ ಸಂಕಲನದಲ್ಲಿ ಒಂದು ಬಾರಿ ಮುದ್ರಿಸಲು ಒಪ್ಪಿಗೆ ಎಂದು ಬರೆಸಿಕೊಂಡರೆ ನಿಮ್ಮ ಕೆಲಸವೂ ಆಗುತ್ತದೆ, ಕಥೆ ಬರೆದವಳ ಮನೆಯಲ್ಲೇ ಉಳಿಯುತ್ತದೆ.

ಪತ್ರಿಕೆಗಳ ಸಂಪಾದಕರಲ್ಲೂ ಇದೇ ಮಾತು. ಪತ್ರಿಕೆಯ ನೌಕರಿಯಲ್ಲಿದ್ದವರು ಕೆಲಸದ ಭಾಗವಾಗಿ ಬರೆದದ್ದಕ್ಕೂ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ ಮಾತ್ರ ಮಾಲೀಕರು ಹಕ್ಕುದಾರರು, ಉಳಿದುದು ಬರೆದವರದೇ. ಹಾಗಿರುವಾಗ ಹೊರಗಿನಿಂದ ಒಂದು ಕಥೆ ಕಳಿಸಿದವರ ಎಲ್ಲ ಹಕ್ಕೂ ಪ್ರಕಟವಾದ ಮಾತ್ರಕ್ಕೆ ನಿಮ್ಮದಾಗಲು ಹೇಗೆ ಸಾಧ್ಯ? ವಿಶೇಷಾಂಕಕ್ಕೆ ಕೊಟ್ಟ ಕಥೆಯನ್ನು ತನ್ನದೇ ಸಂಕಲನಕ್ಕೆ ಸೇರಿಸಿಕೊಳ್ಳಲು ಲೇಖಕನೊಬ್ಬ ಸಂಪಾದಕರ ಅನುಮತಿ ಕೇಳಿ ತಿಂಗಳುಗಟ್ಟಲೆ ಕಾದದ್ದನ್ನು ನಾನೇ ನೋಡಿದ್ದೇನೆ. ಕೇಳಬೇಕಾಗಿದ್ದವರು ಯಾರು, ಕಾದವರು ಯಾರು.

"ನಾವೇನು ದುಡ್ಡು ಮಾಡುತ್ತಿಲ್ಲವಲ್ಲ, ಸಾಹಿತ್ಯ ಸೇವೆ" ಎಂಬುದು ಮೂರನೆಯ ಉತ್ತರ. ಅದರ ಬಾಲಕ್ಕೇ "ನಿಮಗೂ ಪ್ರಚಾರ ಸಿಕ್ಕಿತಲ್ಲ" ಎಂಬುದೂ ಅಂಟಿಕೊಂಡಿತ್ತು. ಹೆಸರೇ ಇಲ್ಲದ ಮೇಲೆ ಪ್ರಚಾರ ಯಾರಿಗೆ ಎಂದು ಕೇಳಿದ್ದಕ್ಕೆ ಆ ಹಿರಿಯರು ನಕ್ಕರು, ನಾನೂ ನಕ್ಕೆ.

ಲಾಭವಿಲ್ಲದೆ ಬಳಸಲು ಕಾನೂನು ಕೆಲವು ಬಾಗಿಲುಗಳನ್ನು ತೆರೆದೇ ಇಟ್ಟಿದೆ, ಅವುಗಳ ಬಗ್ಗೆ ನನಗೆ ಗೌರವವಿದೆ. ಸ್ವಂತ ಓದಿಗೆ, ಸಂಶೋಧನೆಗೆ, ವಿಮರ್ಶೆಗೆ, ಪ್ರಚಲಿತ ವಿದ್ಯಮಾನದ ವರದಿಗೆ ಬೇಕಾದಷ್ಟು ಭಾಗವನ್ನು ನ್ಯಾಯಬದ್ಧವಾಗಿ ಬಳಸಬಹುದು. ಪಾಠ ಮಾಡುವಾಗ ಬಳಸಬಹುದು. ಹವ್ಯಾಸಿ ತಂಡವೊಂದು ಟಿಕೆಟ್ ಇಡದೆ ನಾಟಕ ಆಡಿದರೆ ಅದಕ್ಕೂ ವಿನಾಯಿತಿ ಉಂಟು. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕಿನ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋದಾಗ 2009ರಲ್ಲಿ ಬಂದ ತೀರ್ಪು ಇದನ್ನು ಚೆನ್ನಾಗಿ ತೋರಿಸುತ್ತದೆ: ಉಯಿಲಿನ ಮೂಲಕ ಹಕ್ಕು ಪಡೆದವರ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿಯಿತು, ಜೊತೆಗೆ ಇಂಥ ವಿನಾಯಿತಿಯೊಳಗೆ ಬರುವ ಪ್ರದರ್ಶನಕ್ಕೆ ಅಡ್ಡಿಯಿಲ್ಲ ಎಂದೂ ಹೇಳಿತು. ಯಕ್ಷಗಾನ ಯಾರೊಬ್ಬರದೂ ಅಲ್ಲ. ಕಾರಂತರು ಅದಕ್ಕೆ ಕೊಟ್ಟ ಹೊಸ ರೂಪ ಕಾರಂತರದು. ಆದರೆ ಒಂದು ಇಡೀ ಕಥೆಯನ್ನು ಓದಿ, ಧ್ವನಿಮುದ್ರಿಸಿ, ಯಾರು ಬೇಕಾದರೂ ಯಾವಾಗ ಬೇಕಾದರೂ ಕೇಳುವಂತೆ ಏರಿಸಿಡುವುದು ಈ ಯಾವ ಬಾಗಿಲೊಳಗೂ ತೂರುವುದಿಲ್ಲ. ಮೂವತ್ತು ಸೆಕೆಂಡಿನ ಒಳಗಿದ್ದರೆ ತಪ್ಪಲ್ಲ, ಹತ್ತು ಸಾಲಿನ ಒಳಗಿದ್ದರೆ ತಪ್ಪಲ್ಲ ಎಂಬ ಲೆಕ್ಕಗಳೂ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಹನ್ನೆರಡು ಸಾಲಿನ ಕವಿತೆಯಲ್ಲಿ ಹತ್ತು ಸಾಲು ಎತ್ತಿಕೊಂಡರೆ ಕವಿಗೆ ಉಳಿಯುವುದೇನು?

ನಾಲ್ಕನೆಯ ಉತ್ತರ ನನ್ನನ್ನು ನಿಜವಾಗಿ ನೋಯಿಸಿತು. "ಕೊನೆಯಲ್ಲಿ ಎರಡು ಸಾಲು ಸೇರಿಸಿದ್ದೇವೆ ಅಷ್ಟೇ. ಕೇಳುಗರಿಗೆ ಒಂದು ಸಮಾಧಾನ ಬೇಕಲ್ಲಮ್ಮಾ."

ಹಕ್ಕು ಯಾರದೇ ಆಗಿರಲಿ, ಹಣ ಯಾರಿಗೇ ಹೋಗಲಿ, ಈ ಒಂದು ವಿಷಯದಲ್ಲಿ ಕಾನೂನು ಲೇಖಕರ ಕೈ ಬಿಟ್ಟಿಲ್ಲ. ಐವತ್ತೇಳನೆಯ ಕಲಮಿನ ಪ್ರಕಾರ, ಕೃತಿಸ್ವಾಮ್ಯವನ್ನು ಪೂರ್ತಿ ಬರೆದುಕೊಟ್ಟ ಮೇಲೂ ಎರಡು ಹಕ್ಕು ಕರ್ತೃವಿನ ಬಳಿಯೇ ಉಳಿಯುತ್ತವೆ: ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕು, ಮತ್ತು ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದಾಗ, ವಿರೂಪಗೊಳಿಸಿದಾಗ ತಡೆಯುವ ಹಕ್ಕು. ದೆಹಲಿಯ ವಿಜ್ಞಾನ ಭವನದ ಗೋಡೆಗಾಗಿ ಶಿಲ್ಪಿ ಅಮರನಾಥ್ ಸೆಹಗಲ್ ಮಾಡಿದ್ದ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ನವೀಕರಣದ ನೆಪದಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. ಮಾಡಿಸಿದ್ದು ಸರ್ಕಾರ, ಹಣ ಕೊಟ್ಟದ್ದು ಸರ್ಕಾರ, ಗೋಡೆ ಸರ್ಕಾರದ್ದು, ಹಕ್ಕೂ ಸರ್ಕಾರಕ್ಕೆ ಹೋಗಿತ್ತು. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪಿಯ ಪರ ನಿಂತಿತು. ಉಳಿದ ತುಂಡುಗಳನ್ನು ಅವರಿಗೆ ಹಿಂತಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಭಾರತ ಸರ್ಕಾರಕ್ಕೇ ಇಲ್ಲದ ಸ್ವಾತಂತ್ರ್ಯ ಒಂದು ಕಥಾಸ್ಪರ್ಧೆಯ ಸಮಿತಿಗೆ ಇದೆಯೇ?

ಅಗುಳಿ ಹಾಕದೆ ಮಲಗಿದ ಆ ತಾಯಿಯ ಕೊನೆಯ ಸಾಲಿಗೆ ಬರಲು ನನಗೆ ಎಂಟು ತಿಂಗಳು ಹಿಡಿದಿತ್ತು. ಕೇಳುಗರ ಸಮಾಧಾನಕ್ಕಾಗಿ ಅಲ್ಲಿಗೊಬ್ಬ ಮಗನನ್ನು ತಂದು ನಿಲ್ಲಿಸಲು ನಿಮಗೆ ಒಂದು ಮಧ್ಯಾಹ್ನ ಸಾಕಾಗಿರಬೇಕು. ಅದನ್ನು ಕೇಳಿದವರಲ್ಲಿ ಯಾರಾದರೂ ಮುಂದೆ ನನ್ನ ಸಂಕಲನ ಓದಿದರೆ, ಮೂಲ ಕಥೆಯೇ ಅರ್ಧಕ್ಕೆ ನಿಂತಿದೆ ಅಂದುಕೊಳ್ಳುತ್ತಾರೆ. ಯಾರೋ ಇದನ್ನು ವಾಹಿನಿಯಿಂದ ಕದ್ದು ಕೊನೆ ಕತ್ತರಿಸಿದ್ದಾರೆ ಎಂದರೂ ಆಶ್ಚರ್ಯವಿಲ್ಲ.

ಇನ್ನು "ಸಂಗ್ರಹ" ಎಂಬ ಪದದ ಬಗ್ಗೆ. ಅದರ ತಂಗಿ "ಕೃಪೆ: ಅಂತರ್ಜಾಲ". ಕೃಪೆ ಮಾಡುವುದಕ್ಕೆ ಅಂತರ್ಜಾಲ ಯಾವ ದೇವರು? ಅಲ್ಲಿ ಇರುವ ಪ್ರತಿ ಚಿತ್ರವನ್ನೂ ಯಾರೋ ತೆಗೆದಿದ್ದಾರೆ, ಪ್ರತಿ ಸಾಲನ್ನೂ ಯಾರೋ ಬರೆದಿದ್ದಾರೆ. ಸಿಕ್ಕಿದ ಜಾಗದ ಹೆಸರು ಹೇಳುವುದು ಕಳೆದುಕೊಂಡವರ ಹೆಸರು ಹೇಳಿದಂತೆ ಆಗುವುದಿಲ್ಲ. ಅಂಕಿತವೆಂದರೆ ಏನೆಂದು ಕನ್ನಡದವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ವಚನಕಾರರು ಹಕ್ಕು ಕೇಳಿದವರಲ್ಲ, ಅಂಕಿತವೂ ಅವರ ಸ್ವಂತ ಹೆಸರಲ್ಲ, ಇಷ್ಟದೈವದ್ದು. ಆದರೂ ಚೆನ್ನಮಲ್ಲಿಕಾರ್ಜುನ ಎಂದು ಕೊನೆಗೊಂಡ ಕೂಡಲೇ ಅದು ಅಕ್ಕನ ಮಾತು ಎಂದು ನಾವು ಗುರುತಿಸುತ್ತೇವೆ. ಎಂಟು ನೂರು ವರ್ಷ, ಓಲೆಯಿಂದ ಓಲೆಗೆ ನಕಲು ಮಾಡಿದವರು ಆ ಅಂಕಿತವನ್ನು ಕಿತ್ತು "ಸಂಗ್ರಹ" ಎಂದು ಬರೆಯಲಿಲ್ಲ. ಅವರ ಬಳಿ ಕಾನೂನು ಇರಲಿಲ್ಲ, ಮರ್ಯಾದೆ ಇತ್ತು.

ಹಾಗೆಂದು ಹೆಸರು ಹಾಕಿಬಿಟ್ಟರೆ ಎಲ್ಲ ಸರಿಹೋಯಿತು ಎಂದೂ ಅಲ್ಲ. ಹೆಸರು ಹಾಕುವುದು ಬೇರೆ, ಅನುಮತಿ ಪಡೆಯುವುದು ಬೇರೆ. ಪಕ್ಕದ ಮನೆಯ ಸೈಕಲ್ ಹತ್ತಿಕೊಂಡು ಹೋಗಿ, "ಇದು ಪಕ್ಕದ ಮನೆಯವರದು" ಎಂದು ಊರೆಲ್ಲ ಹೇಳಿಕೊಂಡು ಬಂದರೆ ಕೇಳದೆ ತೆಗೆದುಕೊಂಡದ್ದು ಕೇಳಿ ತೆಗೆದುಕೊಂಡಂತೆ ಆಗುತ್ತದೆಯೇ?

ಈ ಮಾತು ಆಡುವ ಯೋಗ್ಯತೆ ನನಗೆ ತಡವಾಗಿ ಬಂದದ್ದು. ನನ್ನ ಮೊದಲ ಸಂಕಲನದ ಮುಖಪುಟಕ್ಕೆ, ಒಂದು ಹಳೆಯ ಕಿಟಕಿಯ ಫೋಟೊ, ನಾನೇ ಹುಡುಕಿ ಕೊಟ್ಟದ್ದು. ಎಲ್ಲಿಂದ? ಅಂತರ್ಜಾಲದಿಂದ. ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ "ಕೃಪೆ: ಅಂತರ್ಜಾಲ" ಎಂದು ಹಾಕಿಸಿ ಪ್ರಾಮಾಣಿಕಳೆಂದು ಬೀಗಿದ್ದೆ. ಒಂದು ವರ್ಷದ ಮೇಲೆ ಫೋಟೊ ತೆಗೆದವರು ಪತ್ರ ಬರೆದರು. ಬೈಗುಳ ಇರಲಿಲ್ಲ. ಆ ಕಿಟಕಿಯ ಮೇಲೆ ಬಿಸಿಲು ಹಾಗೆ ಬೀಳುವುದು ವರ್ಷದಲ್ಲಿ ಕೆಲವೇ ದಿನ, ಅದಕ್ಕಾಗಿ ತಾವು ಮೂರು ವರ್ಷ ಅಲ್ಲಿಗೆ ಹೋಗಿದ್ದಾಗಿ ಬರೆದಿದ್ದರು. ಕ್ಷಮೆ ಕೇಳಿದೆ, ಅವರು ಕೇಳಿದಷ್ಟು ಗೌರವಧನ ಕೊಟ್ಟೆ, ಎರಡನೆಯ ಮುದ್ರಣದಲ್ಲಿ ಹೆಸರು ಹಾಕಿಸಿದೆ. ಫೋನಿನಲ್ಲಿ ಆ ಹಿರಿಯರ ಉತ್ತರಗಳನ್ನು ಕೇಳುವಾಗ, ಅವೆಲ್ಲವೂ ಒಂದು ಕಾಲಕ್ಕೆ ನನ್ನ ನಾಲಿಗೆಯ ಮೇಲೂ ಇದ್ದವು ಎಂಬುದು ನೆನಪಾಗಿ ಸಿಟ್ಟು ಅರ್ಧ ಇಳಿಯಿತು.

ಬರೆಯುವ ನಮ್ಮವರಿಗೂ ಒಂದು ಮಾತು ಹೇಳದಿದ್ದರೆ ಈ ಪತ್ರ ಒಂದು ಕಣ್ಣಿನದಾಗುತ್ತದೆ. ವಿಧವೆ ತಾಯಿ, ಪಟ್ಟಣ ಸೇರಿದ ಮಗ ಎಂಬ ವಸ್ತುವನ್ನು ಇನ್ನೊಬ್ಬರು ಬಳಸಿದ ಕೂಡಲೇ "ನನ್ನ ಕಥೆ ಕದ್ದರು" ಎಂದು ಕೂಗುವವರೂ ನಮ್ಮಲ್ಲಿದ್ದಾರೆ. ವಸ್ತುವಿಗೆ, ಕಲ್ಪನೆಗೆ, ಐತಿಹಾಸಿಕ ಸಂಗತಿಗೆ ಕೃತಿಸ್ವಾಮ್ಯವಿಲ್ಲ. ಅದಿರುವುದು ನೀವು ಅದನ್ನು ಹೇಳಿದ ರೀತಿಗೆ. ತಮ್ಮ ನಾಟಕದಿಂದ ಬೇರೆಯವರು ಸಿನಿಮಾ ಮಾಡಿಕೊಂಡರು ಎಂದು ನಾಟಕಕಾರ ಆರ್.ಜಿ. ಆನಂದ್ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಇದನ್ನೇ ಬಿಡಿಸಿ ಹೇಳಿತು: ಎರಡನ್ನೂ ನೋಡಿದವರ ಮನಸ್ಸಿಗೆ ಒಂದು ಇನ್ನೊಂದರ ನಕಲು ಎಂದು ನಿಸ್ಸಂಶಯವಾಗಿ ತೋರಬೇಕು. ವಸ್ತು ಒಂದೇ, ಆದರೆ ನಡೆ ಬೇರೆ ಎಂದು ಕಂಡದ್ದರಿಂದ ನಾಟಕಕಾರರು ಸೋತರು. ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲ ಎಂಬುದೂ 2015ರಲ್ಲಿ ಅದೇ ನ್ಯಾಯಾಲಯದ ಮಾತು. ಇದು ಒಳ್ಳೆಯದೇ. ಮಹಾಭಾರತದ ಕಥೆಗೆ ಒಬ್ಬರೇ ಒಡೆಯರಾಗಿದ್ದರೆ ಪಂಪನೂ ಇರುತ್ತಿರಲಿಲ್ಲ, ಕುಮಾರವ್ಯಾಸನೂ ಇರುತ್ತಿರಲಿಲ್ಲ. ನನ್ನ ದೂರು ನೀವು ತಾಯಿ ಮಗನ ಕಥೆ ಹೇಳಿದಿರಿ ಎಂದಲ್ಲ. ನನ್ನ ವಾಕ್ಯಗಳನ್ನೇ, ನಾನಿಟ್ಟ ಅಲ್ಪವಿರಾಮದ ಜಾಗದಲ್ಲೇ ಉಸಿರು ತೆಗೆದುಕೊಂಡು, ಓದಿದಿರಿ ಎಂದು.

ವಾಹಿನಿ ನಡೆಸುವ ಸ್ನೇಹಿತರೇ, ಕೇಳದೆ ಓದಬಹುದಾದದ್ದೂ ಬೇಕಾದಷ್ಟಿದೆ. ಲೇಖಕರು ಬದುಕಿರುವಾಗ ಪ್ರಕಟವಾದ ಕೃತಿಗೆ, ಅವರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ ಎಣಿಸಿ 60 ವರ್ಷದವರೆಗೆ ರಕ್ಷಣೆ. ಮೊದಲು ಇದು 50 ವರ್ಷ ಇತ್ತು; 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಅದನ್ನು ಹತ್ತು ವರ್ಷ ಹಿಗ್ಗಿಸಲಾಯಿತು. ಬಿ.ಎಂ. ಶ್ರೀಕಂಠಯ್ಯ, ಟಿ.ಪಿ. ಕೈಲಾಸಂ ಇಬ್ಬರೂ 1946ರಲ್ಲಿ ತೀರಿಕೊಂಡವರು. ಅವರು ಬದುಕಿದ್ದಾಗ ಪ್ರಕಟವಾದದ್ದೆಲ್ಲ 2007ರಿಂದ ಎಲ್ಲರದು. ಆದರೆ "ಹಳೆಯ ಕವಿ, ಎಲ್ಲರ ಬಾಯಲ್ಲೂ ಇದೆ" ಎಂದುಕೊಂಡು ಬೇಂದ್ರೆಯವರನ್ನು ಅದೇ ಸಾಲಿಗೆ ಸೇರಿಸಬೇಡಿ. ಅವರು ತೀರಿಕೊಂಡದ್ದು 1981ರಲ್ಲಿ. 2041 ಮುಗಿಯುವವರೆಗೆ ಕೇಳಲೇಬೇಕು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ. ಎರಡು ಸಾವಿರ ವರ್ಷ ಹಳೆಯ ಸಂಸ್ಕೃತ ಕಾವ್ಯವಾದರೂ, ನೀವು ಓದುತ್ತಿರುವುದು ಇತ್ತೀಚಿನ ಒಬ್ಬರ ಕನ್ನಡ ಅನುವಾದವಾದರೆ ಆ ಅನುವಾದದ ಹಕ್ಕು ಅನುವಾದಕರದು.

ಈಗ ನನ್ನ ಕೋರಿಕೆಗಳು.

ಸ್ಪರ್ಧೆ ನಡೆಸುವವರು ಆ ಒಂದು ಸಾಲನ್ನು ಮುಂದಿನ ಪ್ರಕಟಣೆಯಿಂದ ತೆಗೆದುಹಾಕಿ. ಅದರ ಜಾಗದಲ್ಲಿ ನಿಮಗೆ ನಿಜಕ್ಕೂ ಏನು ಬೇಕೋ ಅದನ್ನು ಬರೆಯಿರಿ: ಗೆದ್ದ ಕೃತಿಗಳನ್ನು ಮಾತ್ರ, ಇಂಥ ರೂಪದಲ್ಲಿ, ಇಷ್ಟು ವರ್ಷ ಬಳಸಲು ಅನುಮತಿ, ಕೃತಿಸ್ವಾಮ್ಯ ಲೇಖಕರದೇ. ಗೆಲ್ಲದ ಕೃತಿಗಳನ್ನು ಫಲಿತಾಂಶದ ನಂತರ ಅಳಿಸಿಹಾಕುತ್ತೇವೆ ಎಂದು ಒಂದು ಮಾತು ಸೇರಿಸಿ. ಧ್ವನಿ ರೂಪ ಬೇಕೆನಿಸಿದರೆ ಅದಕ್ಕೆ ಬೇರೆಯಾಗಿ ಕೇಳಿ. ಕೇಳಿದರೆ ಮುಕ್ಕಾಲು ಪಾಲು ಲೇಖಕರು ಸಂತೋಷದಿಂದಲೇ ಒಪ್ಪುತ್ತಾರೆ, ನಾನಂತೂ ಒಪ್ಪುತ್ತಿದ್ದೆ. ಸಂಪಾದಕರು ಸ್ವೀಕೃತಿಯ ಪತ್ರದಲ್ಲೇ, ಮೊದಲ ಪ್ರಕಟಣೆಯ ಹಕ್ಕು ನಮಗೆ, ಉಳಿದದ್ದು ನಿಮಗೆ ಎಂದು ಎರಡು ಸಾಲು ಬರೆಯುವ ರೂಢಿ ಮಾಡಿಕೊಳ್ಳಿ. ಗೌರವಧನ ಕೊಡಲಾಗದಿದ್ದರೆ ಮೊದಲೇ ಹಾಗೆಂದು ಹೇಳಿ. ಕೊಡುವುದೋ ಬಿಡುವುದೋ ಲೇಖಕರು ತೀರ್ಮಾನಿಸಲಿ. "ಸಂಗ್ರಹ", "ಕೃಪೆ: ಅಂತರ್ಜಾಲ" ಎಂಬ ಎರಡು ಪದಗಳು ನಿಮ್ಮ ಪುಟಗಳಲ್ಲಿ ಕಾಣಿಸಿಕೊಂಡರೆ, ಕರ್ತೃ ಯಾರೆಂದು ಹುಡುಕುವ ಕೆಲಸ ಇನ್ನೂ ಬಾಕಿ ಇದೆ ಎಂದು ತಿಳಿಯಿರಿ. ಹುಡುಕಿಯೂ ಸಿಗದಿದ್ದರೆ ಬೇರೆ ಚಿತ್ರ ಹಾಕಿ. ಬಿಟ್ಟಿಯಾಗಿ ಬಳಸಿ ಎಂದು ಕರ್ತೃಗಳೇ ಷರತ್ತು ಬರೆದು ಬಿಟ್ಟಿರುವ ಚಿತ್ರಗಳು ಲಕ್ಷಗಟ್ಟಲೆ ಇವೆ.

ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಸೆರೆವಾಸದ ಮಾತೂ ಇದೆ, ದಂಡದ ಮಾತೂ ಇದೆ. ಆ ದಾರಿ ನನಗೆ ಬೇಡ. ಕಥಾಸ್ಪರ್ಧೆಗಳು ನಿಂತುಹೋದರೆ ಹೊಸದಾಗಿ ಬರೆಯುವವರು ಎಲ್ಲಿಗೆ ಹೋಗಬೇಕು?

ಆ ಒಂದು ಸಂಸ್ಥೆಯವರು ಇದನ್ನು ಓದುತ್ತಿದ್ದರೆ, ಅವರಲ್ಲಿ ನನ್ನ ಬೇಡಿಕೆ ತೀರಾ ಚಿಕ್ಕದು. ಧ್ವನಿಮುದ್ರಣ ತೆಗೆಯಬೇಡಿ. ಓದಿದ ಹುಡುಗಿಯ ದನಿ ಚೆನ್ನಾಗಿದೆ, ಅವಳ ಶ್ರಮವೂ ಅದರಲ್ಲಿದೆ. ಕೊನೆಯ ಎರಡು ನಿಮಿಷ ಕತ್ತರಿಸಿ. ಮಗನನ್ನು ವಾಪಸು ಕಳಿಸಿ. ಬಾಗಿಲು ನಾನು ಬಿಟ್ಟಂತೆ ಇರಲಿ. "ಸಂಗ್ರಹ" ಎಂಬಲ್ಲಿ ನನ್ನ ಹೆಸರು ಹಾಕಿ. ಹೆಸರು ನಿಮಗೆ ಗೊತ್ತಿದೆ. ದೃಢೀಕರಣ ಪತ್ರದ ಕೆಳಗೆ, ಬಲಬದಿಯಲ್ಲಿ ಇದೆ.

ಇತಿ ವಂದನೆಗಳೊಂದಿಗೆ,

ನಿಮ್ಮ ಸ್ಪರ್ಧೆಗೆ ಕಥೆ ಕಳಿಸಿದ್ದ ಒಬ್ಬ ಲೇಖಕಿ

ಮರೆತಿದ್ದೆ: ಹೆಸರಿನ ಬಗ್ಗೆ ಇಷ್ಟೆಲ್ಲ ಬರೆದು ನನ್ನ ಹೆಸರನ್ನೇ ಹಾಕಿಲ್ಲವೆಂದು ನಗಬಹುದು. ಹಾಕಿದರೆ ಸಂಸ್ಥೆ ಯಾವುದೆಂದು ಗೊತ್ತಾಗಿಬಿಡುತ್ತದೆ. ಕರ್ತೃವಿನ ಹೆಸರಿಲ್ಲದೆ ಪ್ರಕಟವಾದ ಬರಹಕ್ಕೂ, ಪ್ರಕಟವಾದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಕೃತಿಸ್ವಾಮ್ಯ ಇದೆ. ಆದರೂ ಈ ಪತ್ರವನ್ನು ಯಾರು ಬೇಕಾದರೂ, ಒಂದು ಪದವನ್ನೂ ಬದಲಿಸದೆ, ಪೂರ್ತಿಯಾಗಿ ಮರುಮುದ್ರಿಸಬಹುದು, ಓದಿ ಕೇಳಿಸಬಹುದು. ಕೊಳಲು ಬೇಡ.